ಗೋರಿಯ ಬಳಿ ಓದಿದ ಚರಿತ್ರೆ

ಮಝಾರ್, ತಝ್‌ಕಿರಾ - ಉರ್ದು ಬಲ್ಲವರಿಗೆ ಈ ಪದಗಳು ಹೊಸತಲ್ಲ. ಮಝಾರ್ ಎಂದರೆ ಸಂತರ ಗೋರಿ; ತಝ್‌ಕಿರಾ ಎಂದರೆ ಅವರ ಜೀವನ ಕಥನ. ಚೀನಾದ ಪಶ್ಚಿಮ ತುದಿಯ ಶಿಂಜಿಯಾಂಗ್‌ನಲ್ಲಿ ಉಯಿಘರ್ ಮುಸ್ಲಿಮರು ಇವೆರಡನ್ನು ಬೇರೆಯಾಗಿ ಕಂಡವರಲ್ಲ. ತಕ್ಲಾಮಕಾನ್ ಮರಳುಗಾಡಿನ ಅಂಚಿನ ಮಝಾರ್‌ಗಳಿಗೆ ಗುಂಪುಗುಂಪಾಗಿ ಯಾತ್ರೆ ಹೋಗುತ್ತಿದ್ದರು, ಉದ್ದನೆಯ ಕೋಲುಗಳಿಗೆ ಬಣ್ಣದ ಬಟ್ಟೆ ಕಟ್ಟುತ್ತಿದ್ದರು. ಒಬ್ಬರು ಕೈಬರಹದ ತಝ್‌ಕಿರಾ ಓದಿದರೆ ಉಳಿದವರು ಸುತ್ತ ಕುಳಿತು ಕೇಳುತ್ತಿದ್ದರು. ಕಾಶ್ಗರ್‌ನವರು ಖೋತಾನಿನ ಕಥೆ ತಿಳಿದದ್ದು ಹೀಗೆ. ಆ ಜನರನ್ನು ಒಂದಾಗಿ ಹೆಣೆದದ್ದು ಈ ಯಾತ್ರೆ ಮತ್ತು ಓದು ಎಂದು ಇತಿಹಾಸಕಾರ ರಿಯಾನ್ ಥಮ್ 2014ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಗೋರಿ ಹೋದರೆ ಅಲ್ಲಿ ಓದುವ ಜಾಗವೇ ಹೋದಂತೆ.

ನಿಯಾ ಸಮೀಪದ ಇಮಾಮ್ ಜಾಫರ್ ಸಾದಿಕ್ ಮಝಾರ್ 2018ರಲ್ಲಿ ನೆಲಸಮವಾಯಿತು. ಇಮಾಮರು ದಫನ್ ಆದದ್ದು ಮದೀನಾದ ಬಕೀಯಲ್ಲಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ 1920ರ ದಶಕದಲ್ಲಿ ಬಕೀಯ ಗುಮ್ಮಟಗಳನ್ನು ಕೆಡವಿದವರು ಮುಸ್ಲಿಮರೇ ಎಂಬುದನ್ನೂ ಆಗ ನಾವು ಒಪ್ಪಿಕೊಳ್ಳಬೇಕಾಗುತ್ತದೆ. ಗೋರಿಗೆ ನಡೆದುಕೊಳ್ಳುವುದೇ ತಪ್ಪು ಎಂದು ಮುಖ ತಿರುಗಿಸುವ ನಮ್ಮ ಗೆಳೆಯರು ಇನ್ನೊಂದನ್ನೂ ನೋಡಬೇಕು. ಶಿಂಜಿಯಾಂಗ್‌ನಲ್ಲಿ ಸಾಮಾನ್ಯರ ಖಬರಸ್ತಾನಗಳೂ ಉಳಿದಿಲ್ಲ.

2014ರಿಂದೀಚೆಗೆ ಕನಿಷ್ಠ 45 ಖಬರಸ್ತಾನಗಳು ನಾಶವಾಗಿರುವುದನ್ನು ಎ.ಎಫ್.ಪಿ. ಸುದ್ದಿಸಂಸ್ಥೆ ಉಪಗ್ರಹ ಚಿತ್ರಗಳ ನೆರವಿನಿಂದ 2019ರಲ್ಲಿ ತೋರಿಸಿತು. ಮರುವರ್ಷ ಸಿ.ಎನ್.ಎನ್. ಲೆಕ್ಕ 100 ದಾಟಿತು. ಶಾಯಾರ್‌ನಲ್ಲಿ ಪತ್ರಕರ್ತರು ಮನುಷ್ಯರ ಮೂಳೆಗಳು ಬಯಲಲ್ಲಿ ಬಿದ್ದಿದ್ದನ್ನು ಕಂಡರು. ಖೋತಾನ್ ನಗರದ ನಡುವಿನ ಪುರಾತನ ಸುಲ್ತಾನಿಂ ಖಬರಸ್ತಾನ 2019ರಲ್ಲಿ ಕಣ್ಮರೆಯಾಯಿತು. ಅಕ್ಸುವಿನ ಕಥೆ ಇನ್ನೂ ವಿಚಿತ್ರ. 1945ರಲ್ಲಿ ಕ್ವೋಮಿಂಗ್‌ಟಾಂಗ್ ಆಡಳಿತ ಕೊಂದ ಯುವ ಕವಿ ಲುತ್‌ಪುಲ್ಲಾ ಮುತಲ್ಲಿಪ್‌ರನ್ನು ಕಮ್ಯುನಿಸ್ಟರೇ ಹುತಾತ್ಮರೆಂದು ಗೌರವಿಸಿದ್ದರು. ಅವರ ಗೋರಿಯಿದ್ದ ಖಬರಸ್ತಾನ ಈಗ 'ಸಂತೋಷ ಉದ್ಯಾನ'. ಅಲ್ಲಿ ಪಾಂಡಾ ಬೊಂಬೆಗಳಿವೆ, ಮಕ್ಕಳ ಆಟದ ಸವಾರಿಗಳಿವೆ.

ನಗರ ಯೋಜನೆಗಾಗಿ ಗೋರಿಗಳನ್ನು ಸ್ಥಳಾಂತರಿಸುತ್ತಿದ್ದೇವೆ ಎಂಬುದು ಅಧಿಕಾರಿಗಳ ಸಮಜಾಯಿಷಿ. ಈದ್ ನಮಾಝ್ ಮುಗಿಸಿ ಅಪ್ಪನ ಗೋರಿಯತ್ತ ನಡೆಯುತ್ತಿದ್ದವರಿಗೆ ಈ ಮಾತು ಹೇಗೆ ಕೇಳಿಸೀತು?

ಎಲ್ಲವನ್ನೂ ಕೆಡವಿಲ್ಲ ಎನ್ನುವುದೂ ಸತ್ಯ. ಕಾಶ್ಗರ್‌ನ ಆಫಾಕ್ ಖೋಜಾ ಗೋರಿ ನಿಂತಿದೆ. ಟಿಕೆಟ್ ಕೊಂಡು ಬರುವ ಪ್ರವಾಸಿಗರಿಗೆ ಅಲ್ಲಿ ಸಿಗುವುದು ತಝ್‌ಕಿರಾ ಅಲ್ಲ, ಚೀನೀ ಚಕ್ರವರ್ತಿಯ 'ಸುಗಂಧದ ರಾಣಿ'ಯ ಕಥೆ.

ಊರೂರು ಸುತ್ತಿ ಈ ಮಝಾರ್‌ಗಳನ್ನು ದಾಖಲಿಸಿದವರು ಉಯಿಘರ್ ವಿದ್ವಾಂಸೆ ರಾಹಿಲೆ ದಾವುತ್. 2017ರ ಡಿಸೆಂಬರಿನಲ್ಲಿ ಅವರು ಕಾಣೆಯಾದರು. ಅವರಿಗೆ ಜೀವಾವಧಿ ಶಿಕ್ಷೆಯಾಗಿದೆ ಎಂಬುದು ಹೊರಜಗತ್ತಿಗೆ ಖಚಿತವಾದದ್ದು 2023ರಲ್ಲಿ.