ರಕ್ಷಣಾ ಆದೇಶದ ಉಲ್ಲಂಘನೆ (ಭಾರತ)

ಕೌಟುಂಬಿಕ ಹಿಂಸೆಗೆ ಒಳಗಾದ ಮಹಿಳೆಯ ಪರವಾಗಿ ಮ್ಯಾಜಿಸ್ಟ್ರೇಟರು ನೀಡಿದ ರಕ್ಷಣಾ ಆದೇಶವನ್ನು ಮೀರುವ ಅಪರಾಧ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ 31ನೇ ಕಲಂ ಇದಕ್ಕೆ ಒಂದು ವರ್ಷದವರೆಗಿನ ಸೆರೆವಾಸ, 20,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು.

ಕಾಯ್ದೆ ನೀಡುವ ಪರಿಹಾರಗಳು ಬಹುಮಟ್ಟಿಗೆ ಸಿವಿಲ್ ಸ್ವರೂಪದವು. ಕ್ರಿಮಿನಲ್ ಹೊಣೆ ಹುಟ್ಟುವುದು ಆದೇಶ ಮುರಿದಾಗ. 18ನೇ ಕಲಮಿನ ಆದೇಶ ಹಿಂಸೆಯನ್ನಷ್ಟೇ ಅಲ್ಲ, ಬಾಧಿತ ಮಹಿಳೆಯ ಕೆಲಸದ ಸ್ಥಳಕ್ಕೆ ಹೋಗುವುದನ್ನೂ ಫೋನ್, ಪತ್ರ, ಮಾತಿನ ಮೂಲಕ ಆಕೆಯನ್ನು ಸಂಪರ್ಕಿಸುವುದನ್ನೂ ನಿಷೇಧಿಸಬಹುದು. ಹಾಗಿದ್ದಾಗ ರಾಜಿಗೆಂದು ಮಾಡಿದ ಕರೆಯೂ ಉಲ್ಲಂಘನೆಯೇ. ಮಧ್ಯಂತರ ರಕ್ಷಣಾ ಆದೇಶದ ಉಲ್ಲಂಘನೆಗೂ ಇದೇ ಶಿಕ್ಷೆ.

ಅಪರಾಧ ಸಂಜ್ಞೇಯ, ಜಾಮೀನುರಹಿತ. ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ನಾಲ್ಕು ಗೋಡೆಗಳ ನಡುವಿನ ಕೃತ್ಯಕ್ಕೆ ಬೇರೆ ಸಾಕ್ಷಿ ಸಿಗುವುದು ಅಪರೂಪವಾದ್ದರಿಂದ, 32ನೇ ಕಲಮಿನ ಪ್ರಕಾರ ಬಾಧಿತಳೊಬ್ಬಳ ಸಾಕ್ಷ್ಯದ ಮೇಲೆಯೇ ನ್ಯಾಯಾಲಯ ತೀರ್ಮಾನಕ್ಕೆ ಬರಬಹುದು. ಕಾಯ್ದೆಯ ನಿಜವಾದ ಬಲ ಇಲ್ಲಿದೆ. ವಿಚಾರಣೆ ಸಾಧ್ಯವಾದಷ್ಟೂ ಆದೇಶ ಕೊಟ್ಟ ಮ್ಯಾಜಿಸ್ಟ್ರೇಟರ ಮುಂದೆಯೇ ನಡೆಯಬೇಕು.

ಜೀವನಾಂಶ ಬಾಕಿ ಉಳಿಸಿದವರಿಗೂ 31ನೇ ಕಲಂ ಅನ್ವಯಿಸುತ್ತದೆಯೇ ಎಂಬ ಬಗ್ಗೆ ಹೈಕೋರ್ಟುಗಳಲ್ಲಿ ಒಮ್ಮತವಿಲ್ಲ. ಪ್ರತಿವಾದಿ ವಯಸ್ಕ ಪುರುಷನೇ ಆಗಿರಬೇಕೆಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2016ರಲ್ಲಿ ತೆಗೆದುಹಾಕಿತು. ಹಾಗಾಗಿ ಅತ್ತೆ, ನಾದಿನಿಯರ ವಿರುದ್ಧವೂ ಆದೇಶ ಹೊರಡಬಹುದು.

ಮ್ಯಾಜಿಸ್ಟ್ರೇಟರು ನಿರ್ದೇಶಿಸಿದ ಕರ್ತವ್ಯವನ್ನು ಸಕಾರಣವಿಲ್ಲದೆ ನಿರ್ವಹಿಸದ, ಕಾಯ್ದೆಯಡಿ ನೇಮಕಗೊಂಡ ರಕ್ಷಣಾಧಿಕಾರಿಗೂ 33ನೇ ಕಲಂ ಅಷ್ಟೇ ಪ್ರಮಾಣದ ಶಿಕ್ಷೆ ಹೇಳುತ್ತದೆ. ಕರ್ನಾಟಕದಲ್ಲಿ ರಕ್ಷಣಾಧಿಕಾರಿಯ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗಿದೆ, ಅಂಗನವಾಡಿಗಳ ಉಸ್ತುವಾರಿಯ ಜೊತೆಗೆ.