ಗೋಳಗುಮ್ಮಟದ ಎರಡು ಚೌಕಗಳು

ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅಬುಲ್ ವಫಾ ಬೂಜ್‌ಜಾನಿಯು ಕುಶಲಕರ್ಮಿಗಳಿಗೆಂದೇ ಒಂದು ಜ್ಯಾಮಿತಿ ಗ್ರಂಥವನ್ನು ರಚಿಸಿದನು. ಮೂರು ಸಮಚೌಕಗಳನ್ನು ತುಂಡರಿಸಿ ಒಂದೇ ಚೌಕವಾಗಿ ಜೋಡಿಸುವುದು ಅದರಲ್ಲಿನ ಒಂದು ಸಮಸ್ಯೆ. ಕರ್ಮಿಗಳ ಉತ್ತರ ಕಣ್ಣಿಗೆ ಸರಿ, ಲೆಕ್ಕಕ್ಕೆ ತಪ್ಪು. ಪಂಡಿತರ ಉತ್ತರ ಲೆಕ್ಕಕ್ಕೆ ಸರಿ, ಕತ್ತರಿಸಲು ಬಾರದು. ಅವನು ಇಬ್ಬರನ್ನೂ ತಿದ್ದಿದನು. ಪಠ್ಯಪುಸ್ತಕಕ್ಕೂ ರೋಗಿಯ ದೇಹಕ್ಕೂ ನಡುವೆ ಬಾಳು ಸವೆಸಿದ ನನಗೆ ಈ ಜಗಳ ಪರಿಚಿತ.

ಕಟ್ಟುವವರ ದೊಡ್ಡ ತೊಡಕು ಇನ್ನೊಂದು: ಚೌಕದ ಮೇಲೆ ಗುಂಡನೆಯ ಗುಮ್ಮಟವನ್ನು ಕೂರಿಸುವುದು ಹೇಗೆ? ಸಿಡ್ನಿಯ ಆಬರ್ನ್‌ನಲ್ಲಿ 1999ರಲ್ಲಿ ತೆರೆದ, ಆಟೊಮನ್ ಶೈಲಿಯ ಗಲಿಪೊಲಿ ಮಸೀದಿಯೊಳಗೆ ತಲೆಯೆತ್ತಿದವರಿಗೂ ಈ ಪ್ರಶ್ನೆ ಹೊಳೆದೀತು. ನಮ್ಮ ವಿಜಯಪುರದ ಉತ್ತರ ಬೇರೆಯೇ.

1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯಾದ ಗೋಳಗುಮ್ಮಟದ ಒಳಾಂಗಣ ಸುಮಾರು 41 ಮೀಟರ್ ಚೌಕ. ಅದನ್ನು ಕಾಗದದ ಮೇಲೆ 20.5 ಸೆಂಟಿಮೀಟರ್ ಚೌಕವಾಗಿ ಎಳೆಯಿರಿ. ಕೈವಾರವನ್ನು ಕರ್ಣದ ಅರ್ಧದಷ್ಟು ತೆರೆದು, ಪ್ರತಿ ಮೂಲೆಯಿಂದ ಬದಿಗಳನ್ನು ಗುರುತಿಸಿದರೆ ಎಂಟು ಬಿಂದುಗಳು. ಒಂದು ಬಿಟ್ಟು ಒಂದನ್ನು ಸೇರಿಸಿದರೆ ಎರಡು ಹೆಣೆದ ಚೌಕಗಳು. ಕಟ್ಟಡದಲ್ಲಿ ಆ ಗೆರೆಗಳೇ ಎಂಟು ಕಮಾನುಗಳು. ಅವುಗಳ ನಡುವೆ ಹಿಡಿಸುವ ವೃತ್ತದ ವ್ಯಾಸ 15.7 ಸೆಂಟಿಮೀಟರ್, ಅಂದರೆ ಸುಮಾರು 31 ಮೀಟರ್. ಗುಮ್ಮಟದ ಒಳವ್ಯಾಸವೋ ಸುಮಾರು 38! ಉಳಿದ ಅಂತರವೇ ಸುತ್ತಲೂ ಮೂರು ಮೀಟರಿಗೂ ಅಗಲವಾದ ಪಿಸುಮಾತಿನ ಮೊಗಸಾಲೆ. ಅಲ್ಲಿ ಕೂಗಿ ಪ್ರತಿಧ್ವನಿ ಕೇಳಿದ ನಾವು ಕಾಲಡಿಯ ಕಲ್ಲನ್ನು ಗಮನಿಸಿದ್ದು ಕಡಿಮೆ: ಒಳಕ್ಕೆ ಚಾಚಿದ ಆ ಭಾರವೇ ಗುಮ್ಮಟದ ಹೊರನೂಕನ್ನು ತಡೆಯುತ್ತಿದೆ.