ಸ್ಟೋ ಉದ್ಯಾನದ ಗುಡಿಗಳು: ಹದಿನೆಂಟನೆಯ ಶತಮಾನದ ಒಂದು ರಾಜಕೀಯ ವಾದ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಭೂಮಾಲೀಕರು ತಮ್ಮ ಎಸ್ಟೇಟುಗಳಲ್ಲಿ ವಾಸಕ್ಕಾಗಲಿ ಪೂಜೆಗಾಗಲಿ ಬಳಕೆಯಾಗದ ಗುಡಿ, ಗೋಪುರ ಹಾಗೂ ಹುಸಿ ಅವಶೇಷಗಳನ್ನು ಕಟ್ಟಿಸಿದರು. ನೋಟಕ್ಕಾಗಿಯೇ ನಿಲ್ಲುವ ಇಂಥ ಕಟ್ಟಡಗಳನ್ನು ವಾಸ್ತುಶಿಲ್ಪದ ಚರಿತ್ರೆಯಲ್ಲಿ ‘ಫಾಲಿ’ ಎನ್ನಲಾಗುತ್ತದೆ. ಇವನ್ನು ಸಿರಿವಂತರ ಖಯಾಲಿಯೆಂದು ಬದಿಗೊತ್ತುವುದು ರೂಢಿಯಾದರೂ, ಬಕಿಂಗ್‌ಹ್ಯಾಮ್‌ಷೈರಿನ ಸ್ಟೋ ಉದ್ಯಾನದ ಮಟ್ಟಿಗೆ ಆ ತೀರ್ಮಾನ ನಿಲ್ಲುವುದಿಲ್ಲ. ಅಲ್ಲಿನ ಕಟ್ಟಡಗಳು ಸಂಸತ್ತಿನ ಜಗಳವೊಂದನ್ನು ತೋಟದಲ್ಲಿ ಮುಂದುವರಿಸಿದವು. ಅವುಗಳ ಅರ್ಥ ಬಿಡಿ ಬಿಡಿ ಕಟ್ಟಡಗಳಿಗಿಂತ ಹೆಚ್ಚಾಗಿ ಅವು ಎದುರುಬದುರು ನಿಂತ ರೀತಿಯಲ್ಲಿದೆ.

ಎಸ್ಟೇಟಿನ ಒಡೆಯ, ವೈಕೌಂಟ್ ಕಾಬಮ್ ಪದವಿಯ ರಿಚರ್ಡ್ ಟೆಂಪಲ್, ವಿಗ್ ಪಕ್ಷದ ಸೇನಾನಿ. ಮದ್ಯ ಮತ್ತು ಹೊಗೆಸೊಪ್ಪಿನ ಮೇಲೆ ದೇಶದೊಳಗೇ ಸುಂಕ ವಸೂಲಿ ಮಾಡಲು ಪ್ರಧಾನಿ ರಾಬರ್ಟ್ ವಾಲ್ಪೋಲ್ 1733ರಲ್ಲಿ ತಂದ ಅಬಕಾರಿ ಮಸೂದೆಯನ್ನು ವಿರೋಧಿಸಿದ್ದಕ್ಕೆ ಅವನು ತನ್ನ ರೆಜಿಮೆಂಟನ್ನು ಕಳೆದುಕೊಂಡ. ಆ ನಂತರ ಅವನ ಗಮನ ಹರಿದದ್ದು ‘ಎಲೀಸಿಯನ್ ಫೀಲ್ಡ್ಸ್’ ಭಾಗದ ಕಡೆಗೆ. ಗ್ರೀಕ್ ಪುರಾಣದಲ್ಲಿ ಪುಣ್ಯಾತ್ಮರು ಸೇರುವ ಲೋಕದ ಈ ಹೆಸರನ್ನು ಹೊತ್ತ ಕಣಿವೆಯನ್ನು ರೂಪಿಸಿದವನು ವಿಲಿಯಮ್ ಕೆಂಟ್.

ಕಣಿವೆಯ ಎತ್ತರದಲ್ಲಿ, ಇಟಲಿಯ ಟಿವೊಲಿಯ ವೃತ್ತಾಕಾರದ ಗುಡಿಯನ್ನು ಹೋಲುವ ‘ಪ್ರಾಚೀನ ಸದ್ಗುಣದ ಗುಡಿ’ಯಿದೆ, ಅದರೊಳಗೆ ಹೋಮರ್, ಸಾಕ್ರಟೀಸ್, ಲೈಕರ್ಗಸ್ ಮತ್ತು ಎಪಾಮಿನೊಂಡಸ್ ಇದ್ದಾರೆ. ಅದರ ಪಕ್ಕದಲ್ಲೇ ‘ಆಧುನಿಕ ಸದ್ಗುಣದ ಗುಡಿ’ಯನ್ನು ಪಾಳುಬಿದ್ದ ರೂಪದಲ್ಲೇ ಕಟ್ಟಿಸಿ, ರುಂಡವಿಲ್ಲದ ಪ್ರತಿಮೆಯೊಂದನ್ನು ನಿಲ್ಲಿಸಲಾಯಿತು, ಅದು ವಾಲ್ಪೋಲನೇ ಎಂದು ನೋಡಿದವರು ಅರ್ಥಮಾಡಿಕೊಂಡರು. ವ್ಯಂಗ್ಯ ತೀರಾ ಮೊಂಡು ಎನ್ನಬೇಕು.

ನೀರಿನಾಚೆ, ತಗ್ಗಿನಲ್ಲಿ, ಬಾಗಿದ ಗೋಡೆಯ ಗೂಡುಗಳಲ್ಲಿ ಹದಿನಾರು ಎದೆಮಟ್ಟದ ಪ್ರತಿಮೆಗಳನ್ನುಳ್ಳ ‘ಬ್ರಿಟಿಷ್ ಮಹನೀಯರ ಗುಡಿ’ಯ ವ್ಯಂಗ್ಯ ಇದಕ್ಕಿಂತ ಸೂಕ್ಷ್ಮವಾದುದು. ಶೇಕ್ಸ್‌ಪಿಯರ್, ಮಿಲ್ಟನ್, ನ್ಯೂಟನ್, ಲಾಕ್ ಮೊದಲಾದವರು ಯಾವ ಪಟ್ಟಿಯಲ್ಲಾದರೂ ಬರಬಹುದಾದವರು. ಪಟ್ಟಿಯ ಒಳನೋಟ ಸಿಗುವುದು ಉಳಿದವರಲ್ಲಿ. ಅರಸನ ತೆರಿಗೆಯನ್ನು ಧಿಕ್ಕರಿಸಿದ ಜಾನ್ ಹ್ಯಾಂಪ್‌ಡನ್, ಅಬಕಾರಿ ಮಸೂದೆಯ ವಿರುದ್ಧ ನಿಂತ ಸಮಕಾಲೀನ ಜಾನ್ ಬರ್ನಾರ್ಡ್, ಸ್ಪೇನಿನೊಡನೆ ಸೆಣಸಿದ ಮೊದಲನೆಯ ಎಲಿಜಬೆತ್, ಡ್ರೇಕ್ ಮತ್ತು ರಾಲಿ, ಇವರೆಲ್ಲ ವಾಲ್ಪೋಲನ ತೆರಿಗೆ ನೀತಿಗೂ ಸ್ಪೇನಿನ ವಿಷಯದಲ್ಲಿ ಅವನು ತೋರಿದ ಮೆದು ಧೋರಣೆಗೂ ಎತ್ತಿದ ಆಕ್ಷೇಪಗಳಾಗಿ ನಿಲ್ಲುತ್ತಾರೆ. ಗೋಡೆಯ ನಡುವಿನ ಪಿರಮಿಡ್ಡಿನಲ್ಲಿ, ಆತ್ಮಗಳಿಗೆ ದಾರಿ ತೋರುವ ಮರ್ಕ್ಯುರಿ ದೇವತೆಯ ನೆಲೆಯಲ್ಲಿ, ವರ್ಜಿಲನ ‘ಈನಿಯಡ್’ ಕಾವ್ಯದ ಆರನೆಯ ಸರ್ಗದಿಂದ ಕೆಲವು ಸಾಲುಗಳನ್ನು ಕೆತ್ತಲಾಗಿದೆ. ಮೂಲದಲ್ಲಿ ಸ್ವರ್ಗಕ್ಕೆ ಅರ್ಹರಾದವರ ನಡುವೆ ಪುರೋಹಿತರನ್ನು ಎಣಿಸುವ ಸಾಲನ್ನು ಮಾತ್ರ ಇಲ್ಲಿ ಕೈಬಿಡಲಾಗಿದೆ. ಹದಿನಾರು ಮಂದಿಯಲ್ಲಿ ಒಬ್ಬ ಪಾದ್ರಿಯೂ ಇಲ್ಲದಿರುವುದರಿಂದ ಈ ಲೋಪವನ್ನು ಕೆತ್ತುವವನ ಮರೆವೆನ್ನಲಾಗದು. ಗುಡಿಯ ಹಿಂಬದಿಯಲ್ಲಿ ‘ಸಿನ್ಯೋರ್ ಫೀಡೊ’ ಎಂಬ ಇಟಲಿಯವನ ನಿಷ್ಠೆ, ಪ್ರಾಮಾಣಿಕತೆಗಳನ್ನು ದೀರ್ಘವಾಗಿ ಹೊಗಳುವ ಶಾಸನವೊಂದಿದ್ದು, ಆತ ಒಂದು ಬೇಟೆನಾಯಿ ಎಂಬುದು ಕಡೆಯಲ್ಲಷ್ಟೇ ತಿಳಿಯುತ್ತದೆ. ಮುಂಬದಿಯ ಗಾಂಭೀರ್ಯವನ್ನು ಕಾಬಮ್ ತಾನೇ ಎಷ್ಟು ಸಡಿಲವಾಗಿ ಹಿಡಿದಿದ್ದನೆಂಬುದಕ್ಕೆ ಇದು ಸಾಕ್ಷಿ.

1741ರಲ್ಲಿ ಜೇಮ್ಸ್ ಗಿಬ್ಸ್ ವಿನ್ಯಾಸಗೊಳಿಸಿದ, ಕಬ್ಬಿಣಾಂಶದಿಂದ ಕೆಂಪುಗಂದಿದ ಕಲ್ಲಿನ ತ್ರಿಕೋನ ‘ಗಾಥಿಕ್ ಗುಡಿ’ ಪೂರ್ವಜರ ಸ್ವಾತಂತ್ರ್ಯಕ್ಕೆ ಮೀಸಲಾಯಿತು. ಮರುವರ್ಷವೇ ವಾಲ್ಪೋಲ್ ಅಧಿಕಾರದಿಂದಿಳಿದ; 1744ರಲ್ಲಿ ಬೆಂಟನ್ ಸೀಲಿ ಪ್ರಕಟಿಸಿದ ಕೈಪಿಡಿಯನ್ನು ಹಿಡಿದು ಪ್ರವಾಸಿಗರು ಶಾಸನಗಳನ್ನು ಓದತೊಡಗಿದರು. ಪಾಳಾಗಿಯೇ ಹುಟ್ಟಿದ ಗುಡಿ ಈಗ ಬಹುತೇಕ ಅಳಿದಿದೆ.

ಸ್ವಾತಂತ್ರ್ಯವನ್ನು ಇಷ್ಟು ಎತ್ತರದ ದನಿಯಲ್ಲಿ ಸಾರಿದ ಈ ನೆಲದಲ್ಲೇ ಸ್ಟೋ ಎಂಬ ಗ್ರಾಮವಿತ್ತೆಂಬುದನ್ನು ಉದ್ಯಾನಚರಿತ್ರೆಗಳು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಮುಗಿಸುತ್ತವೆ. ಎಸ್ಟೇಟು ಹಿಗ್ಗಿದಂತೆ ಆ ಗ್ರಾಮ ಕಣ್ಮರೆಯಾಯಿತು. ಉಳಿದದ್ದು ಸೇಂಟ್ ಮೇರಿ ಚರ್ಚ್, ಅದೂ ಎಲೀಸಿಯನ್ ಫೀಲ್ಡ್ಸ್‌ನ ಮಗ್ಗುಲಲ್ಲಿ, ಮರಗಳ ಮರೆಯಲ್ಲಿ.